ದ್ವಿದಳ ಮಾಸದಲ್ಲಿ ನಲವತ್ತು ಕಿಲೋ

ಅತ್ತೆಯ ಮೇಲೆ ಸೊಸೆಯಂದಿರು ಹೇಳುವ ದೂರುಗಳಿಗೆ ಒಂದು ದೊಡ್ಡ ಪಟ್ಟಿಯೇ ಇದೆ. ಸಾರಿಗೆ ಉಪ್ಪು ಜಾಸ್ತಿ ಎನ್ನುತ್ತಾರೆ, ಮಗನ ಕಿವಿ ಊದುತ್ತಾರೆ, ಫೋನಿನಲ್ಲಿ ಮಾತಾಡಿದರೆ ಯಾರದು ಯಾರದು ಎಂದು ಕೇಳುತ್ತಾರೆ, ಇತ್ಯಾದಿ. ನನ್ನ ದೂರು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ನನ್ನ ಅತ್ತೆ ಶ್ರೀಮತಿ ಕೋಕಿಲಮ್ಮನವರು, ವಯಸ್ಸು ಅರವತ್ತಾರು, ತೂಕ ಐವತ್ತೆರಡು ಕಿಲೋ, ಜಿಮ್ಮಿಗೆ ಹೋಗುತ್ತಾರೆ. ಹೋಗಿ ಅಲ್ಲಿ ಕಬ್ಬಿಣ ಎತ್ತುತ್ತಾರೆ. ಕಬ್ಬಿಣ ಎತ್ತುವವರಿಗೆ ದಿನಕ್ಕೆ ಅರವತ್ತು ಗ್ರಾಂ ಪ್ರೋಟೀನ್ ಬೇಕಂತೆ. ಅವರು ಎತ್ತಿದ್ದು ಬರೀ ಕಬ್ಬಿಣ. ಆ ಅರವತ್ತು ಗ್ರಾಮಿನ ಭಾರ ಹೊತ್ತವಳು ನಾನು.

ನಾನು ರಾಗಿಣಿ. ರಾಜಾಜಿನಗರದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮನೆ ಆರ್‌ಪಿಸಿ ಲೇಔಟ್. ಯಜಮಾನರು ಸುಧೀಂದ್ರ, ಸರ್ಕಾರಿ ಕಚೇರಿಯಲ್ಲಿ ಕೆಲಸ. (ಮಾತು ಕಡಿಮೆ, ಊಟ ಜಾಸ್ತಿ. ಇದು ದೂರಲ್ಲ, ಪರಿಚಯ.) ಬೆಳಿಗ್ಗೆ ಎಂಟಕ್ಕೆ ನಾವಿಬ್ಬರೂ ಮನೆ ಬಿಟ್ಟರೆ ಮತ್ತೆ ಸಂಜೆಯವರೆಗೆ ಮನೆಯಲ್ಲಿ ಅತ್ತೆ ಒಬ್ಬರೇ.

ಇದೆಲ್ಲ ಶುರುವಾದದ್ದು ಮೇ ತಿಂಗಳ ಒಂದು ಶನಿವಾರ. ಮಧ್ಯಾಹ್ನ ಒಂದೂವರೆಗೆ ಮನೆಗೆ ಬಂದು ನೋಡಿದರೆ ಅತ್ತೆ ದೇವರ ಮನೆಯ ಮುಂದೆ ನೆಲದ ಮೇಲೆ ಕೂತಿದ್ದರು. ಸುತ್ತ ಹೂಬತ್ತಿಯ ಗುಡ್ಡ. ಇನ್ನೆರಡು ವರ್ಷ ದೀಪ ಹಚ್ಚಿದರೂ ಮುಗಿಯದಷ್ಟು.

"ಇದೇನತ್ತೆ, ಇಷ್ಟೊಂದು?"

"ಹತ್ತೂವರೆಗೆ ಕೂತೆ ಕಣೇ. ಆಮೇಲೆ ಏಳೋಕ್ಕೇ ಆಗ್ಲಿಲ್ಲ. ಫೋನು ಟೇಬಲ್ ಮೇಲಿತ್ತು. ಸುಮ್ನೆ ಕೂತು ಏನ್ಮಾಡ್ಲಿ ಅಂತ ಇದ್ದ ಹತ್ತಿಯೆಲ್ಲಾ ಹೊಸೆದುಬಿಟ್ಟೆ."

ಅವರು ನಗುತ್ತಲೇ ಹೇಳಿದರು. ಕಂಕುಳಿಗೆ ಕೈ ಕೊಟ್ಟು ಎಬ್ಬಿಸುವಾಗ ಅವರ ಮೈ ನಡುಗುತ್ತಿತ್ತು. ಮೂರು ಗಂಟೆ ಹೊತ್ತು ಒಬ್ಬರೇ ಅಲ್ಲಿ ಕೂತು ಏನೇನು ಯೋಚಿಸಿದರೋ, ಅದನ್ನು ಮಾತ್ರ ಹೇಳಲಿಲ್ಲ.

ಡಾಕ್ಟರು ಪರೀಕ್ಷೆ ಮಾಡಿ, "ಮೂಳೆ ಚೆನ್ನಾಗಿದೆ. ಸ್ನಾಯು ಕರಗಿಹೋಗಿದೆ. ಭಾರ ಎತ್ತೋ ವ್ಯಾಯಾಮ ಮಾಡಬೇಕು, ಪ್ರೋಟೀನ್ ತಿನ್ನಬೇಕು" ಎಂದರು. ಈ ಮಾತಿಗೆ ನಾನೂ ಸುಧೀಂದ್ರರೂ ಮರ್ಯಾದೆಗೆ ತಲೆಯಾಡಿಸಿದೆವು. ಅತ್ತೆ ಆಡಿಸಲಿಲ್ಲ. ಮಾರನೆಯ ದಿನ ಕಾಫಿ ಕುಡಿಯುತ್ತಾ, "ಮಾರೇನಹಳ್ಳೀಲಿ ಆ ಹುಡುಗ ಜಿಮ್ಮು ಇಟ್ಟಿದಾನಲ್ಲ, ಅಲ್ಲಿ ಹೆಂಗಸರಿಗೆ ಯಾವ ಹೊತ್ತು?" ಎಂದು ಕೇಳಿದರು. ಸುಧೀಂದ್ರರ ಕೈಯಲ್ಲಿದ್ದ ಲೋಟದಿಂದ ಕಾಫಿ ಪೇಪರಿನ ಮೇಲೆ ಚೆಲ್ಲಿತು.

ಹೆಂಗಸರ ಬ್ಯಾಚು ಬೆಳಿಗ್ಗೆ ಹತ್ತೂವರೆಗೆ. ಕಲಿಸುವವನು ರೇವಂತ್, ಇಪ್ಪತ್ತೇಳು ವರ್ಷದ ಹುಡುಗ, ಒಂದೊಂದು ತೋಳೂ ನಮ್ಮ ಮನೆಯ ಗ್ಯಾಸ್ ಸಿಲಿಂಡರಿನಷ್ಟು. ಮೊದಲ ದಿನ ಅತ್ತೆ ಸೀರೆಯ ಕೆಳಗೆ ಬಿಳಿ ಶೂ ಹಾಕಿಕೊಂಡು ಹೋದರು. ಎರಡನೆಯ ವಾರ ನನ್ನ ಹಳೆಯ ಚೂಡಿದಾರ ಕೇಳಿದರು. ಮೂರನೆಯ ವಾರ, "ನಿನ್ನದು ಸೊಂಟದ ಹತ್ರ ತುಂಬಾ ಲೂಸು ಕಣೇ" ಎಂದು ಹೊಸದು ಹೊಲಿಸಿಕೊಂಡರು. (ನಾನು ಈ ಮಾತನ್ನು ಕ್ಷಮಿಸಿದ್ದೇನೆ. ಮರೆತಿಲ್ಲ.)

ಅಲ್ಲಿ ಅವರಿಗೊಬ್ಬ ಗೆಳತಿಯೂ ಸಿಕ್ಕಿದರು. ವೆಂಕಟಲಕ್ಷ್ಮಮ್ಮ. ಆ ಜಿಮ್ಮಿರುವ ಕಟ್ಟಡ ಅವರದೇ. ಒಂದು ಕಾಲದಲ್ಲಿ ಅದೇ ಜಾಗದಲ್ಲಿ ಅವರ ರಾಗಿ ಹೊಲವಿತ್ತಂತೆ. ದಪ್ಪ ಮೂಗುತಿ, ಕೈತುಂಬ ಬಳೆ, ಸೀರೆಯನ್ನು ಎತ್ತಿ ಕಟ್ಟಿದರೆ ಕೆಳಗೆ ಮಗನ ಟ್ರ್ಯಾಕ್ ಪ್ಯಾಂಟು. ಕೆಳಗಿನ ಮಹಡಿಯಲ್ಲಿ ದಿನಾ ಧಡ್ ಧಡ್ ಎಂದು ಏನು ಬೀಳಿಸುತ್ತಾರೆ ಎಂದು ಬೈಯಲು ಇಳಿದು ಬಂದವರು, ತಾವೇ ಬೀಳಿಸಲು ಸೇರಿಕೊಂಡಿದ್ದರು.

ರೇವಂತ್ ಅತ್ತೆಗೆ ಊಟದ ಒಂದು ಚಾರ್ಟ್ ಕೊಟ್ಟ. ಅದರಲ್ಲಿ ಮೊಟ್ಟೆ, ಮೀನು, ಕೋಳಿ. ನಮ್ಮದು ಮಾಧ್ವರ ಮನೆ. ಅತ್ತೆ ಪೆನ್ನು ತೆಗೆದುಕೊಂಡು ಆ ಮೂರು ಪದಗಳನ್ನು ಕಾಗದ ಹರಿಯುವ ತನಕ ಗೀಚಿದರು. ಬರೀ ಅಕ್ಷರಕ್ಕೂ ಮೈಲಿಗೆ ಇರುವ ಹಾಗೆ. ಗೀಚಿದ ಮೇಲೆ ಚಾರ್ಟಿನಲ್ಲಿ ಉಳಿದದ್ದು "ನೀರು, ಮೂರು ಲೀಟರ್" ಒಂದೇ.

ಆಗ ನನಗೆ ಆ ಘನವಾದ ಯೋಚನೆ ಬಂತು. ನಾನು ಇಪ್ಪತ್ತೆರಡು ವರ್ಷದಿಂದ ಕೆಮಿಸ್ಟ್ರಿ ಕಲಿಸುವವಳು. ಅಡುಗೆಮನೆ ಎಂದರೇನು, ಒಗ್ಗರಣೆ ಇರುವ ಪ್ರಯೋಗಶಾಲೆ, ಅಷ್ಟೇ ತಾನೆ? ಸಣ್ಣ ತಕ್ಕಡಿ ತಂದೆ. ಒಂದು ಉದ್ದನೆಯ ನೋಟುಪುಸ್ತಕಕ್ಕೆ ಗೆರೆ ಎಳೆದೆ. ಪದಾರ್ಥ, ತೂಕ, ಪ್ರೋಟೀನ್, ಷರಾ.

"ಅತ್ತೆ, ಇನ್ಮೇಲೆ ನಿಮ್ಮ ಪ್ರೋಟೀನ್ ನನ್ನ ಜವಾಬ್ದಾರಿ. ನೀವು ಎತ್ತೋದನ್ನ ನೋಡ್ಕೊಳ್ಳಿ."

"ನಿನಗೆ ಕಾಲೇಜಿರುತ್ತಲ್ಲೇ. ಯಾಕೆ ಸುಮ್ನೆ? ನಾನೇ ಏನಾದ್ರೂ ಮಾಡ್ಕೋತೀನಿ."

"ನಿಮಗೆ ಗ್ರಾಂ ಲೆಕ್ಕ ಗೊತ್ತಾಗಲ್ಲ ಅತ್ತೆ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆ ನೋಟದ ಅರ್ಥ ನನಗೆ ತಿಳಿಯಲು ಐದು ತಿಂಗಳು ಬೇಕಾಯಿತು.

ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ತಿನ್ನಲೇಬೇಕು ಎಂದು ರೇವಂತ್ ಹೇಳಿದ್ದ. ಹಾಗಾಗಿ ಬೆಳಿಗ್ಗೆ ಐದಕ್ಕೆ ಎದ್ದು ಒಂದು ಸ್ಟೀಲ್ ಡಬ್ಬಿ ಕಟ್ಟಿಡುತ್ತಿದ್ದೆ. ಮೇಲೆ ಚೀಟಿ: "ಇಪ್ಪತ್ತೈದು ಗ್ರಾಂ." ಉಳಿದ ಮೂವತ್ತೈದು ರಾತ್ರಿ ಊಟ, ತಿಂಡಿಗಳಲ್ಲಿ. ಅತ್ತೆ ಡಬ್ಬಿ ಹಿಡಿದು ಹೋಗುತ್ತಿದ್ದರು. ಸಂಜೆ ನಾನು ಬರುವ ಹೊತ್ತಿಗೆ ಅದು ಖಾಲಿಯಾಗಿ, ತೊಳೆದು ಬೋರಲು ಹಾಕಿರುತ್ತಿತ್ತು. ನಾನು ಷರಾ ಕಾಲಮ್ಮಿನಲ್ಲಿ "ಪೂರ್ತಿ ಸೇವಿಸಿದ್ದಾರೆ" ಎಂದು ಬರೆಯುತ್ತಿದ್ದೆ. ಜೂನ್ ತಿಂಗಳು ಪರಮಸುಖದ ತಿಂಗಳು. ಮೊಳಕೆ ಹೆಸರುಕಾಳು, ಕಡಲೆಕಾಳಿನ ಉಸಲಿ, ಪನೀರ್ ಪಲ್ಯ. ಮಾಡಿದ್ದೆಲ್ಲ ಡಬ್ಬಿಗೆ, ಡಬ್ಬಿಗೆ ಹಿಡಿಸದ್ದೆಲ್ಲ ಸುಧೀಂದ್ರರಿಗೆ.

ಜುಲೈ ಮೊದಲ ವಾರ, ಒಂದು ಸಂಜೆ ಅತ್ತೆ ಪಂಚಾಂಗ ಮಡಿಸಿಡುತ್ತಾ, "ನಾಡಿದ್ದಿನಿಂದ ಚಾತುರ್ಮಾಸ್ಯ ಕಣೇ. ಇವತ್ತೇ ಹೇಳ್ಬಿಟ್ಟಿದೀನಿ, ಆಮೇಲೆ ಅನ್ಬೇಡ" ಎಂದರು.

ನನ್ನ ಕೈಯಿಂದ ತಕ್ಕಡಿ ಜಾರಿತು. ನಲವತ್ತು ವರ್ಷದಿಂದ ಅವರು ಈ ವ್ರತ ತಪ್ಪಿಸಿಲ್ಲ. ನಾವಿಬ್ಬರೂ ಮಾಡುವುದಿಲ್ಲವಾದ್ದರಿಂದ ನನಗೆ ನೆನಪೇ ಇರಲಿಲ್ಲ. ತಿಳಿಯದವರಿಗಾಗಿ ಹೇಳುತ್ತೇನೆ: ನಾಲ್ಕು ತಿಂಗಳ ವ್ರತ. ಮೊದಲನೆಯ ತಿಂಗಳು ತರಕಾರಿ, ಹಣ್ಣು ಇಲ್ಲ. ಎರಡನೆಯದರಲ್ಲಿ ಮೊಸರಿಲ್ಲ. ಮೂರನೆಯದರಲ್ಲಿ ಹಾಲಿಲ್ಲ. ನಾಲ್ಕನೆಯದರಲ್ಲಿ ದ್ವಿದಳ, ಅಂದರೆ ಎರಡು ಹೋಳಾಗುವ ಬೇಳೆಕಾಳು ಯಾವುದೂ ಇಲ್ಲ. ಸಸ್ಯಾಹಾರಿಯ ಪ್ರೋಟೀನ್ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಿ ಹುಡುಕಿ, ಒಂದೊಂದು ತಿಂಗಳಿಗೆ ಒಂದೊಂದು ಬಾಗಿಲಿಗೆ ಬೀಗ ಜಡಿದ ಹಾಗೆ.

ರೇವಂತನಿಗೆ ಫೋನ್ ಮಾಡಿದೆ.

"ಒಂದು ಸಣ್ಣ ತೊಂದರೆ ಕಣಪ್ಪ. ನಮ್ಮತ್ತೆ ಈ ತಿಂಗಳು ತರಕಾರಿ ತಿನ್ನಲ್ಲ."

"ನೋ ಪ್ರಾಬ್ಲಮ್ ಆಂಟಿ. ಮೊಸರು ಜಾಸ್ತಿ ಕೊಡಿ."

"ಮುಂದಿನ ತಿಂಗಳು ಮೊಸರಿಲ್ಲ."

"ಹಾಲಿದೆಯಲ್ಲ ಆಂಟಿ."

"ಅದರ ಮುಂದಿನ ತಿಂಗಳು ಹಾಲಿಲ್ಲ."

"ಬೇಳೆ ಇದೆಯಲ್ವಾ?"

"ಅದರ ಮುಂದಿನ ತಿಂಗಳು ಬೇಳೆ ಇಲ್ಲ."

ಆ ಕಡೆ ಹಿಂದೆ ಯಾರೋ ಏನೋ ಭಾರದ್ದನ್ನು ಕೆಳಗೆ ಹಾಕಿದ ಸದ್ದು.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ನಿಮಗೆ ಅವರ ಮೇಲೆ ಏನಾದ್ರೂ ಕೋಪಾನಾ?"

ಆ ಮಾತು ನನ್ನ ಅಭಿಮಾನಕ್ಕೆ ತಾಕಿತು. ಯಾರೇ ಎದುರಾದರೂ ಸರಿ, ಪಂಚಾಂಗವೇ ಎದುರಾದರೂ ಸರಿ, ಅರವತ್ತು ಗ್ರಾಮಿನಿಂದ ಅರ್ಧ ಗ್ರಾಂ ಕೆಳಗಿಳಿಯುವುದಿಲ್ಲ ಎಂದು ನಾನೂ ಒಂದು ವ್ರತ ಹಿಡಿದೆ.

ಮೊದಲನೆಯ ತಿಂಗಳು ಹೆಸರುಬೇಳೆ ನಡೆಯುತ್ತಿತ್ತು. ಹೆಸರುಬೇಳೆ ತೊವ್ವೆ, ಹೆಸರುಬೇಳೆ ಹುಗ್ಗಿ, ಹೆಸರುಬೇಳೆ ದೋಸೆ, ಹೆಸರುಬೇಳೆ ಪಾಯಸ, ಹೆಸರುಬೇಳೆ ಉಂಡೆ. ಹುಣಸೆ, ಮೆಣಸಿನಕಾಯಿ ನಿಷಿದ್ಧವಾದ್ದರಿಂದ ಎಲ್ಲಕ್ಕೂ ಕಾಳುಮೆಣಸು, ಜೀರಿಗೆ. ಹದಿನೈದನೆಯ ದಿನ ಸುಧೀಂದ್ರರು ತಟ್ಟೆ ನೋಡಿ, "ಕಣ್ಣು ಮುಚ್ಚಿದ್ರೂ ಹಳದಿ ಕಾಣುತ್ತೆ ಕಣೇ, ಕಾಮಾಲೆ ಇರಬಹುದಾ?" ಎಂದರು.

"ವ್ರತ ನಿಮ್ಮದಲ್ವಲ್ಲ ರೀ. ಹೊರಗಡೆ ಬೇಕಾದ್ರೆ ಏನಾದ್ರೂ ತಿನ್ಕೊಂಡು ಬನ್ನಿ."

"ಮಾಡಿದ್ದು ಕೆಡಬಾರದು ಅಂತ ನನಗೇ ಬಡಿಸ್ತೀಯಲ್ಲ. ಹೊರಗಡೆ ತಿನ್ನೋಕ್ಕೆ ಹೊಟ್ಟೇಲಿ ಜಾಗ ಎಲ್ಲಿದೆ?"

ಎರಡನೆಯ ತಿಂಗಳು ಹಾಲು ಒಡೆಸಿ ಒಡೆಸಿ ಪನೀರ್ ಮಾಡಿದೆ. ಅಂಗಡಿಯದನ್ನು ಅತ್ತೆ ಮುಟ್ಟುವುದಿಲ್ಲ. ಬೆಳಿಗ್ಗೆ ಐದಕ್ಕೆ ಎರಡು ಲೀಟರ್ ಹಾಲು, ನಿಂಬೆಹಣ್ಣು, ಬಟ್ಟೆಯ ಗಂಟು, ಗಂಟಿನ ಮೇಲೆ ಒರಳುಕಲ್ಲಿನ ಗುಂಡು. ಎಂಟಕ್ಕೆ ಓಡಿಹೋಗಿ ಮೊದಲ ಪಿರಿಯಡ್. ಒಂದು ದಿನ ಹುಡುಗನೊಬ್ಬ ಎದ್ದುನಿಂತು ಯಾವುದೋ ಆಮ್ಲದ ಅಣುತೂಕ ಕೇಳಿದ. ನಾನು ತಡವರಿಸದೆ "ನೂರು ಗ್ರಾಮಿಗೆ ಹದಿನೆಂಟು" ಎಂದುಬಿಟ್ಟೆ. ಅದು ಪನೀರಿನದು. ಪಾಪ, ಮುಂದಿನ ಬೆಂಚಿನವರೆಲ್ಲ ಬರೆದುಕೊಂಡರು.

ಮೂರನೆಯ ತಿಂಗಳು ಹಾಲು ಹೋಯಿತು, ಮೊಸರು ಮರಳಿ ಬಂತು. ಕೆಲಸ ಹಗುರಾಗಲೆಂದು ನಾನು ಒಂದು ಡಬ್ಬ ಪ್ರೋಟೀನ್ ಪೌಡರ್ ತಂದೆ. ಅದನ್ನು ಹಾಲಿನಿಂದಲೇ ಮಾಡುತ್ತಾರಾದ್ದರಿಂದ ಹಾಲು ಬಿಟ್ಟ ತಿಂಗಳಲ್ಲಿ ತಿನ್ನಬಹುದೋ ಬಾರದೋ ಎಂಬ ಧರ್ಮಸೂಕ್ಷ್ಮ ಎದ್ದಿತು. ಅತ್ತೆ ಮಠದ ಚಕ್ರಪಾಣಿ ಆಚಾರ್ಯರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ವಿಷಯ ವಿವರಿಸುವ ಹೊಣೆ ನನ್ನದು.

"ಆಚಾರ್ರೇ, ಹಾಲು ಒಡೆದ ಮೇಲೆ ತಿಳಿನೀರು ಉಳಿಯುತ್ತಲ್ಲ, ಅದನ್ನ ಒಣಗಿಸಿದ ಪುಡಿ. ಹಾಲೇ ಅಂತ ಹೇಳೋಕ್ಕಾಗಲ್ಲ."

"ಯಾರಮ್ಮಾ ಒಣಗಿಸಿದ್ದು?"

"ಫ್ಯಾಕ್ಟರಿಯವರು."

"ಮಡಿಯಲ್ಲಿ ಒಣಗಿಸಿದ್ರಾ?"

ಡಬ್ಬದ ಮೇಲೆ ಎಷ್ಟು ಹುಡುಕಿದರೂ ಆ ಮಾಹಿತಿ ಇರಲಿಲ್ಲ. ಆ ಡಬ್ಬ ಸುಧೀಂದ್ರರ ಪಾಲಾಯಿತು.

ಇಷ್ಟರ ನಡುವೆ ಒಂದು ಭಾನುವಾರ ಬೆಳಿಗ್ಗೆ ಅತ್ತೆ ನಮ್ಮಿಬ್ಬರನ್ನೂ ನಡುಮನೆಗೆ ಕರೆದರು. "ಸುಮ್ನೆ ನಿಂತ್ಕೊಂಡು ನೋಡಿ. ಯಾರೂ ಕೈ ಕೊಡಬೇಡಿ" ಎಂದು ಹೇಳಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಆಮೇಲೆ ಎರಡೂ ಕೈಗಳನ್ನು ಎದೆಯ ಮೇಲೆ ಮಡಚಿಕೊಂಡು, ಗೋಡೆ ಮುಟ್ಟದೆ, ಮಂಡಿ ಹಿಡಿಯದೆ, ಒಮ್ಮೆಲೇ ಎದ್ದು ನಿಂತರು. ಸುಧೀಂದ್ರರು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ನಿಜ ಹೇಳಬೇಕೆಂದರೆ, ನನ್ನ ಮನಸ್ಸಿಗೆ ಮೊದಲು ಬಂದದ್ದು ನನ್ನ ಡಬ್ಬಿ. ಇದೆಲ್ಲ ಯಾರ ಅಡುಗೆಯ ಪ್ರಭಾವ? ನಾನು ಯಾರಿಗೂ ಕೇಳದ ಹಾಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಕ್ಟೋಬರಿನಲ್ಲಿ ದ್ವಿದಳ ಮಾಸ ಬಂತು. ಆ ತಿಂಗಳು ನಮ್ಮ ಅಡುಗೆಮನೆಯಲ್ಲಿ ಅಕ್ಷರಶಃ ಯಾರ ಬೇಳೆಯೂ ಬೇಯಲಿಲ್ಲ. ಯಾವುದು ಎರಡಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಟೇಬಲ್ ಮೇಲೆ ಹರಡಿಕೊಂಡು ಪರೀಕ್ಷೆಗೆ ಕೂತೆ. ಕಡಲೆಕಾಯಿ ಬೀಜ, ಎರಡಾಯಿತು. ಬಾದಾಮಿ, ಎರಡಾಯಿತು. ಗೋಡಂಬಿ, ಮುಟ್ಟುವುದರೊಳಗೆ ಎರಡಾಯಿತು. ಗೋಧಿ ಆಗಲಿಲ್ಲ. ರಾಜಗಿರಿ ಒಡೆಯಲು ಕಣ್ಣಿಗೇ ಕಾಣುವುದಿಲ್ಲ. ಹಾಲು, ಮೊಸರು ಎರಡೂ ವಾಪಸ್ ಬಂದಿದ್ದವು. ಈ ನಾಲ್ಕನ್ನು ಸೇರಿಸಿ, ಹುರಿದು, ಕಲಸಿ, ಬೆಲ್ಲ ಕಾಯಿಸಿ ಹಾಕಿ ನಾನೊಂದು ಉಂಡೆ ಕಟ್ಟಿದೆ. ಒಂದಕ್ಕೆ ಎಂಟು ಗ್ರಾಂ ಪ್ರೋಟೀನ್. "ಬಲವರ್ಧಿನಿ" ಎಂದು ಹೆಸರಿಟ್ಟೆ. ಮೊದಲನೆಯದನ್ನು ಸುಧೀಂದ್ರರಿಗೆ ಕೊಟ್ಟೆ. ಅವರು ಕಚ್ಚಿದರು. ಮತ್ತೊಂದು ಕಡೆಯಿಂದ ಕಚ್ಚಿದರು.

"ಹೇಗಿದೆ?"

"ಇದು ಖಂಡಿತಾ ಎರಡಾಗಲ್ಲ ಕಣೇ."

ನವೆಂಬರ್ ಒಂದಕ್ಕೆ ಜಿಮ್ಮಿನಲ್ಲಿ ರಾಜ್ಯೋತ್ಸವ. ಬಾವುಟ ಹಾರಿಸಿದ ಮೇಲೆ ಹೆಂಗಸರ ಬ್ಯಾಚಿನ ಭಾರ ಎತ್ತುವ ಸ್ಪರ್ಧೆ ಎಂದು ರೇವಂತ್ ಗೊತ್ತುಮಾಡಿದ. ಅತ್ತೆಯ ಗುರಿ ನಲವತ್ತು ಕಿಲೋ. ಅದುವರೆಗೆ ಅವರು ಎತ್ತಿದ್ದು ಮೂವತ್ತೇಳೂವರೆ. ಹಿಂದಿನ ರಾತ್ರಿ ನಾನು ಬಲವರ್ಧಿನಿಯನ್ನು ಆರು ಕಟ್ಟಿ, ಡಬ್ಬಿಗಿಡಲು ಹೋದಾಗ ಅತ್ತೆ ಹೇಳಿದರು: "ನಾಳೆ ಡಬ್ಬಿ ಬೇಡ ಕಣೇ. ಏಕಾದಶಿ."

"ಬೇರೆ ಏಕಾದಶಿಗಳಲ್ಲಿ ಜಿಮ್ಮಿಗೇ ರಜೆ ಹಾಕ್ತಿದ್ರಲ್ಲ! ನಾಳೆ ಒಂದು ದಿನ... ಹಣ್ಣು, ಹಾಲು?"

"ಏನೂ ಇಲ್ಲ. ನೀರೂ ಇಲ್ಲ."

"ಅತ್ತೆ! ನಲವತ್ತು ಕಿಲೋ! ಖಾಲಿ ಹೊಟ್ಟೇಲಿ! ತಲೆ ಸುತ್ತಿ ಬಿದ್ರೆ?"

"ಬಿದ್ರೆ ಏಳೋದು ಕಲ್ತಿದೀನಲ್ಲ."

ಸುಧೀಂದ್ರರ ಕಡೆ ನೋಡಿದೆ. ಅವರು ಟಿವಿ ಕಡೆ ನೋಡಿದರು. ಟಿವಿ ಆಫ್ ಆಗಿತ್ತು.

ಮಾರನೆಯ ದಿನ ಜಿಮ್ಮಿನ ಮುಂದೆ ಹಳದಿ ಕೆಂಪು ತೋರಣ, ನಲವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು. ಗ್ಲೂಕೋಸ್ ನೀರಿನ ಬಾಟಲಿಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ನಾನು ಮೊದಲ ಸಾಲಿನಲ್ಲಿ ಕೂತೆ. ಅತ್ತೆ ಸಮಾಧಾನವಾಗಿ ತೋಳು ತಿರುವುತ್ತಿದ್ದರು. ಆಗ ವೆಂಕಟಲಕ್ಷ್ಮಮ್ಮ ಅವಸರವಸರವಾಗಿ ಬಂದು ಅತ್ತೆಯ ಕೈಗಳೆರಡನ್ನೂ ನೋಡಿದರು.

"ಅಮ್ಮಾರೆ, ಡಬ್ಬಿ ಎಲ್ಲಿ?"

ಅತ್ತೆ ನನ್ನ ಕಡೆ ನೋಡಿ, ಅವರಿಗೆ ಕಣ್ಣಿನಲ್ಲೇ ಏನೋ ಸನ್ನೆ ಮಾಡಿದರು. ವೆಂಕಟಲಕ್ಷ್ಮಮ್ಮನವರಿಗೆ ಕಣ್ಸನ್ನೆ ಎಲ್ಲ ತಿಳಿಯುವುದಿಲ್ಲ. "ಇವತ್ತೇ ತರ್ನಿಲ್ಲಾಂದ್ರೆ ನಾನೆಂಗ್ ಎತ್ತಲಿ? ಬೆಳಿಗ್ಗೆಯಿಂದ ಅದನ್ನೇ ನೆಚ್ಕಂಡು ಬರೀ ಕಾಫಿ ಕುಡ್ಕಂಡು ಬಂದಿವ್ನಿ!"

ನನಗೆ ಅರ್ಥವಾಗಲಿಲ್ಲ. ಅಥವಾ, ಅರ್ಥ ಮಾಡಿಕೊಳ್ಳಲು ಇಷ್ಟವಾಗಲಿಲ್ಲ. ಅಷ್ಟರಲ್ಲಿ ರೇವಂತ್ ಮೈಕಿನಲ್ಲಿ ಅತ್ತೆಯ ಹೆಸರು ಕೂಗಿದ.

ಅತ್ತೆ ಹೋಗಿ ರಾಡಿನ ಮುಂದೆ ನಿಂತರು. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು. ಬಗ್ಗಿದರು. ರಾಡು ಒಂದು ಕ್ಷಣ ಅಲ್ಲೇ ಇತ್ತು. ನನ್ನ ಉಸಿರೂ ಅಲ್ಲೇ ಇತ್ತು. ಆಮೇಲೆ ನೆಲ ಬಿಟ್ಟಿತು. ಮಂಡಿ ದಾಟಿತು. ಅತ್ತೆ ನೆಟ್ಟಗೆ ನಿಂತರು, ಸೊಂಟದ ಮಟ್ಟದಲ್ಲಿ ನಲವತ್ತು ಕಿಲೋ, ಹೊಟ್ಟೆಯಲ್ಲಿ ಒಂದು ಗುಟುಕು ನೀರೂ ಇಲ್ಲ. ಸುಧೀಂದ್ರರು ಕುರ್ಚಿಯ ಮೇಲೆ ಹತ್ತಿ ನಿಂತು "ಅಮ್ಮಾ!" ಎಂದು ಕೂಗಿದರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ನಾನು ಅಳುತ್ತಾ ಚಪ್ಪಾಳೆ ತಟ್ಟಿದೆ. ಬಾಟಲಿ ಜಾರಿ ಬಿದ್ದು ಪಕ್ಕದವರ ಕಾಲ ಮೇಲೆ ಗ್ಲೂಕೋಸ್ ಹರಿಯಿತು.

ಕೊನೆಗೆ ವೆಂಕಟಲಕ್ಷ್ಮಮ್ಮ ಬಂದರು. ಸೀರೆ ಎತ್ತಿ ಸಿಕ್ಕಿಸಿ, ಅಂಗೈಗೆ ಉಫ್ ಎಂದು ಊದಿ, ಐವತ್ತು ಕಿಲೋವನ್ನು ಬಿಂದಿಗೆ ಎತ್ತುವ ಹಾಗೆ ಎತ್ತಿದರು. ಮೊದಲ ಬಹುಮಾನ ಅವರಿಗೆ, ಎರಡನೆಯದು ಅತ್ತೆಗೆ.

ರೇವಂತ್ ಮೈಕನ್ನು ವೆಂಕಟಲಕ್ಷ್ಮಮ್ಮನವರ ಮುಂದೆ ಹಿಡಿದು, "ಅಮ್ಮ, ಜೂನಲ್ಲಿ ಹದಿನೈದು ಕಿಲೋಗೆ ಸುಸ್ತಾಗ್ತಿದ್ರಿ. ಇವತ್ತು ಐವತ್ತು! ಏನು ಸೀಕ್ರೆಟ್ಟು?" ಎಂದ.

"ಸೀಕ್ರೆಟ್ಟೂ ಇಲ್ಲ ಎಂಥದ್ದೂ ಇಲ್ಲ ಕಣಪ್ಪ. ಕೋಕಿಲಮ್ಮಾರ ಸೊಸೆ ದಿನಾ ಒಂದು ಡಬ್ಬಿ ಕಟ್ಟಿಕೊಡ್ತಾರೆ. ಐದು ತಿಂಗಳಿಂದ ಅದನ್ನೇ ತಿಂತಿವ್ನಿ. ಆ ಯಮ್ಮ ಇಲ್ಲೇ ಕುಂತವ್ಳೆ ನೋಡಿ!"

ನಲವತ್ತು ಕುರ್ಚಿಗಳೂ ಕಿರ್ರೆಂದು ನನ್ನ ಕಡೆ ತಿರುಗಿದವು.

"ಸುಳ್ಯಾಕೆ ಹೇಳಾನ, ರುಚಿ ಏನೂ ಇರ್ತಿರ್ನಿಲ್ಲ" ಎಂದು ಅವರು ಮೈಕಿನಲ್ಲೇ ಮುಂದುವರಿಸಿದರು. "ಆದ್ರೆ ಬಲ ಐತೆ. ನಾನು ಮನೆಗೆ ತಕ್ಕೊಂಡೋಗಿ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಎರಡು ಮೊಟ್ಟೆ ಒಡ್ದು ಕಲಸ್ಕಂಡು ತಿಂತಿದ್ದೆ. ಈಗೀಗ ಒಂದು ಉಂಡೆ ಕೊಡ್ತವ್ರೆ, ಅದನ್ನ ಮಾತ್ರ ಕುಟ್ಟಾಣಿಗೆ ಹಾಕಿ ಕುಟ್ಕಬೇಕು."

ನಾಲ್ಕು ತಿಂಗಳು! ಪಂಚಾಂಗದ ಜೊತೆ ಹೋರಾಡಿ, ಎರಡಾಗುವುದನ್ನು ಎರಡಾಗದ್ದನ್ನು ಬೇರೆ ಮಾಡಿ, ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ ಮಡಿಯಿಂದ ಮಾಡಿದ ನನ್ನ ವ್ರತದ ಅಡುಗೆ, ಮಾರೇನಹಳ್ಳಿಯಲ್ಲಿ ಬೆಳ್ಳುಳ್ಳಿ ಮೊಟ್ಟೆಗಳ ಜೊತೆ ಸಂಸಾರ ಮಾಡಿತ್ತು. ನಾನು ಭೂಮಿ ಬಾಯಿ ಬಿಡಲಿ ಎಂದು ಕಾಯುತ್ತಿದ್ದಾಗ ರೇವಂತ್ ಬಂದು ನನ್ನ ಕೈ ಹಿಡಿದು ವೇದಿಕೆಗೆ ಕರೆದೊಯ್ದ. ವೆಂಕಟಲಕ್ಷ್ಮಮ್ಮ ತಮಗೆ ಹೊದಿಸಿದ್ದ ಶಾಲನ್ನು ತೆಗೆದು ನನಗೆ ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಸುಧೀಂದ್ರ.

ಮನೆಗೆ ಬರುವ ದಾರಿಯಲ್ಲಿ ಅತ್ತೆ ಬಹುಮಾನದ ಸ್ಟೀಲ್ ಬುಟ್ಟಿ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದರು. ಆರ್‌ಪಿಸಿ ಲೇಔಟಿನ ತಿರುವಿನಲ್ಲಿ ನನಗೆ ತಡೆಯಲಾಗಲಿಲ್ಲ.

"ಒಂದು ದಿನಾನೂ ತಿನ್ನಲಿಲ್ವಾ ಅತ್ತೆ?"

"ಆ ಶೂ ಬಿಡೋ ಜಾಗದಲ್ಲಿ ಕೂತ್ಕೊಂಡು, ಬೆವರು ಮೈಯಲ್ಲಿ, ನಾನು ಊಟ ಮಾಡೋದುಂಟೇನೇ? ಅದೂ ವ್ರತದಲ್ಲಿ? ನೀನೇ ಯೋಚ್ನೆ ಮಾಡು."

ನಾನು ಯೋಚನೆ ಮಾಡಿದೆ. ಗ್ರಾಂ, ಮಿಲಿಲೀಟರ್, ನಿಮಿಷ ಎಲ್ಲ ಲೆಕ್ಕ ಹಾಕಿದ್ದ ನಾನು, ನಲವತ್ತು ವರ್ಷ ಹೊರಗೆ ಒಂದು ತೊಟ್ಟು ನೀರು ಮುಟ್ಟದವರು ಜಿಮ್ಮಿನ ಬಾಗಿಲಲ್ಲಿ ಕೂತು ತಿನ್ನುತ್ತಾರೆಯೇ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ಹೇಳ್ಬಹುದಿತ್ತಲ್ಲ."

"ಹೇಗೆ ಹೇಳ್ಲಿ? ಐದು ಗಂಟೆಗೆ ಎದ್ದು, ಕಣ್ಣು ಉಜ್ಕೊಂಡು ತಕ್ಕಡಿ ಹಿಡ್ಕೊಂಡು ನಿಂತಿರ್ತಿದ್ದೆ. ನನ್ನ ಹೆತ್ತಮ್ಮನೂ ನನಗೆ ಅಷ್ಟು ಅಳೆದು ತೂಗಿ ಬಡಿಸಿರಲಿಲ್ಲ. ಬೇಡ ಅನ್ನೋಕ್ಕೆ ಬಾಯಿ ಬರ್ಲಿಲ್ಲ ಕಣೇ. ಚೆಲ್ಲೋಕ್ಕೂ ಮನಸ್ಸಾಗ್ಲಿಲ್ಲ. ಅವರು ಕೇಳಿದ್ರು, ಕೊಟ್ಟೆ."

"ಮತ್ತೆ ನೀವು ಮಧ್ಯಾಹ್ನ ಏನು ತಿಂದ್ರಿ? ಬರೀ ಅನ್ನ ಸಾರಾ?"

"ಮನೆಗೆ ಬಂದು ಸ್ನಾನ ಮಾಡಿ ಬಿಸಿಬಿಸಿ ಮಾಡ್ಕೋತಿದ್ದೆ. ನಿನ್ನ ಪುಸ್ತಕ ಅಡುಗೆಮನೇಲೇ ಇರ್ತಿತ್ತಲ್ಲ. ಅದನ್ನ ನೋಡ್ಕೊಂಡೇ ಮಾಡಿದ್ದು. ಲೆಕ್ಕ ನಿಂದೇ. ಕೈ ಮಾತ್ರ ನಂದು." ಸ್ವಲ್ಪ ದೂರ ನಡೆದ ಮೇಲೆ ಸೇರಿಸಿದರು: "ನಿನ್ನ ಲೆಕ್ಕ ಚೆನ್ನಾಗಿದೆ ಕಣೇ. ಅಡುಗೇನೇ ಸ್ವಲ್ಪ..."

"ಗೊತ್ತಾಯ್ತು ಅತ್ತೆ. ಮೈಕಲ್ಲಿ ಕೇಳಿಸ್ತು."

ಅವರು ನಕ್ಕರು. ನನಗೂ ನಗು ಬಂತು. ಹಿಂದೆ ಬರುತ್ತಿದ್ದ ಸುಧೀಂದ್ರರು ಮಾತ್ರ ನ್ಯಾಯ ಕೇಳುವ ದನಿಯಲ್ಲಿ, "ಅಮ್ಮ, ನೀನು ಬಿಸಿಬಿಸಿ ಮಾಡ್ಕೋತಿದ್ದೆ, ಸರಿ. ಐದು ತಿಂಗಳು ಮೂರು ಹೊತ್ತೂ ಇವಳು ಮಾಡಿದ್ದನ್ನೇ ತಿಂದವನು ನಾನೊಬ್ಬ. ನನಗ್ಯಾಕೆ ಒಂದು ಮಾತು ಹೇಳ್ಲಿಲ್ಲ?" ಎಂದರು. ನಾವಿಬ್ಬರೂ ಹೆಜ್ಜೆ ಚುರುಕು ಮಾಡಿದೆವು.

ದ್ವಾದಶಿ ಭಾನುವಾರ. ವ್ರತ ಮುಗಿಯಿತು. ಪಾರಣೆಗೆ ಅತ್ತೆಯೇ ಅಡುಗೆ ಮಾಡಿದರು. ಒಂದು ತಿಂಗಳಿಂದ ಕಾಣದ ತೊಗರಿಬೇಳೆ, ಅವರೆಕಾಯಿ, ಹುಣಸೆಹಣ್ಣು ಎಲ್ಲವೂ ಎಲೆಯ ಮೇಲೆ ಹಾಜರಿ ಹಾಕಿದವು. ಉಂಡು ಕೈ ತೊಳೆದಾಗ ನನಗೆ ನಿರಾಳವಾಯಿತು. ನಾಳೆಯಿಂದ ಐದು ಗಂಟೆಗೆ ಏಳಬೇಕಾಗಿಲ್ಲ. ಏಳರವರೆಗೆ ಮಲಗಬಹುದು. ಈ ಸಂತೋಷದಲ್ಲಿ ಸಂಜೆ ಕಾಲು ಚಾಚಿ ಕೂತಿದ್ದಾಗ ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ವೆಂಕಟಲಕ್ಷ್ಮಮ್ಮ. ಒಂದು ಕೈಯಲ್ಲಿ ಹಲಸಿನ ಎಲೆ ಮುಚ್ಚಿದ ಸೀಬೆಹಣ್ಣಿನ ಬುಟ್ಟಿ, ಇನ್ನೊಂದರಲ್ಲಿ ಹೊಸ ಸ್ಟೀಲ್ ಡಬ್ಬಿಗಳು. ಎಣಿಸಿದೆ. ಆರು.

"ಕೆಂಗೇರೀಲಿ ಡಿಸೆಂಬರ್‌ನಾಗೆ ದೊಡ್ಡ ಕಾಂಪಿಟೇಸನ್ ಐತಂತೆ. ರೇವಂತ ಹೆಸರು ಬರ್ಸವ್ನೆ. ಅರವತ್ತು ಕಿಲೋ ಎತ್ತಬೇಕಂತೆ. ನೀವು ಕೈ ಬಿಟ್ರೆ ಆಗಾಕಿಲ್ಲ ಕಣವ್ವ. ಭಾನುವಾರ ಬ್ಯಾಡ, ಅವತ್ತು ನಮ್ಮನೇಲಿ ಬಾಡೂಟ."

ನಾನು ಸಹಾಯಕ್ಕಾಗಿ ಒಳಗೆ ನೋಡಿದೆ. ಸುಧೀಂದ್ರರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಮಾಡಿಕೊಡು ಕಣೇ, ಪಾಪ. ನನಗೆ ನಾನು ಮಾಡ್ಕೋತೀನಿ."

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ, ನನ್ನ ಅಡುಗೆ ಬೇಕು ಎಂದು ಕೇಳಿಕೊಂಡು ಮನೆ ಬಾಗಿಲಿಗೆ ಬಂದವರು ಇಪ್ಪತ್ತು ವರ್ಷಗಳಲ್ಲಿ ಇವರೊಬ್ಬರೇ. ಡಬ್ಬಿಗಳನ್ನು ತೆಗೆದುಕೊಂಡೆ.

ವೆಂಕಟಲಕ್ಷ್ಮಮ್ಮ ಗೇಟಿನವರೆಗೆ ಹೋದವರು ಮತ್ತೆ ತಿರುಗಿ ಬಂದು, ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು:

"ಬೆಳ್ಳುಳ್ಳಿ ಮಾತ್ರ ನೀವು ಹಾಕಬ್ಯಾಡಿ ಕಣವ್ವ. ನಿಮ್ಮತ್ತೆ ಬೈತಾರೆ. ಅದನ್ನ ನಾನೇ ಹಾಕ್ಕತೀನಿ."